ಜರಡಿ ಮೇಲೆ ಉಳಿದ ರಾಗಿ ತೌಡಿನ ಕಥೆ

ಎಲೆಕ್ಟ್ರಾನಿಕ್ ಸಿಟಿ ಕಡೆ ಅಪಾರ್ಟ್‌ಮೆಂಟ್‌ಗಳಿಗೆ ಮೂರು ವರ್ಷ ರಾಗಿ ಹಿಟ್ಟು ಕೊಟ್ಟೆ. "ಬೆಳ್ಳಗಿರ್ಲಿ" ಅಂದ್ರು, ಸಣ್ಣ ಜರಡಿ ಹಿಡಿದೆ. ಮೇಲೆ ಉಳಿದ ಕೆಂಪು ತೌಡು ಹಸುಗೆ. ಮೊನ್ನೆ ಅಲ್ಲೇ ಒಬ್ರು ದುಬಾರಿ ಆಂಟಿಆಕ್ಸಿಡೆಂಟ್ ಪುಡಿ ಡಬ್ಬಿ ತೋರಿಸಿದ್ರು. ಅದೇನು ಅಂತ ಓದ್ತಾ ಹೋದೆ, ನನ್ನ ತಪ್ಪು ಗೊತ್ತಾಯ್ತು.

ನಮ್ಮ ಹೆಚ್ಚುಕಮ್ಮಿ ಎಲ್ಲ ಜೀವಕೋಶದಲ್ಲೂ ಮೈಟೊಕಾಂಡ್ರಿಯ ಅನ್ನೋ ಪುಟ್ಟ ಒಲೆಗಳಿವೆ. ತಿಂದ ಮುದ್ದೆಯನ್ನ ಉಸಿರಿನ ಆಮ್ಲಜನಕ ಬಳಸಿ ಶಕ್ತಿ ಮಾಡ್ತವೆ. ಆಗ ಒಂದಿಷ್ಟು ಕಿಡಿ ಹಾರುತ್ತೆ. ಜಾಸ್ತಿ ಆದ್ರೆ ಒಲೆಗೇ ಪೆಟ್ಟು. ಈ ಕಿಡಿಗಳಿಂದಲೇ ಮುಪ್ಪು ಅಂತ 1956ರಲ್ಲಿ ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್ ವಾದ ಮಂಡಿಸಿದ್ರು. ಕಿಡಿ ಆರಿಸೋ ಕಿಣ್ವ ದೇಹದಲ್ಲೇ ಇದೆ ಅಂತ 1969ರಲ್ಲಿ ಮೆಕಾರ್ಡ್, ಫ್ರಿಡೊವಿಚ್ ತೋರಿಸಿದ್ರು.

ಗಿಡಕ್ಕೂ ಇದೇ ಕಷ್ಟ. ಬಿಸಿಲು, ಬರ, ಬೂಷ್ಟು ಎಲ್ಲಾ ತಡೀಬೇಕು. ಅದಕ್ಕೇ ಪಾಲಿಫಿನಾಲ್ ಅನ್ನೋ ಒಗರು ವಸ್ತು ಮಾಡ್ಕೊಳ್ಳುತ್ತೆ. ರಾಗೀಲಿ ಅದರ ಬಹುಪಾಲು ಇರೋದು ಕೆಂಪು ಸಿಪ್ಪೇಲಿ.

ರಾಗಿಗಾಗಿ ನಮ್ಮ ರಾಜ್ಯದಲ್ಲಿ ಏನು ಕಡಿಮೆ ಕೆಲಸ ಆಗಿದೆಯೇ? 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೃಷಿ ಇಲಾಖೆ ಕಟ್ಟಿದ್ರು. ಆಮೇಲೆ ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನ ಕೊಟ್ರು. ಆಗ ಹಸಿವಿನ ಕಾಲ. ಎಕರೆಗೆ ಎಷ್ಟು ಚೀಲ ಅನ್ನೋದೇ ಪ್ರಶ್ನೆ. ಸಿಪ್ಪೆಯ ಗುಣ ಬಿಡಿಸಿ ಹೇಳಿದ್ದು ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು: ಬಿಳಿ ರಾಗಿಗಿಂತ ಕೆಂಪು ರಾಗೀಲಿ ಪಾಲಿಫಿನಾಲ್ ಹಲವು ಪಟ್ಟು ಜಾಸ್ತಿ.

ಹಂಗಂತ ರಾಗಿ ಔಷಧಿ ಅಂತ ಮಾರಬೇಡಿ. ಪಾಲಿಫಿನಾಲ್ ತಿಂದಷ್ಟೂ ರಕ್ತಕ್ಕೆ ಸೇರಲ್ಲ. ಸೇರಿದ ಸ್ವಲ್ಪ ಭಾಗ ತಾನೇ ಕಿಡಿ ಆರಿಸೋದಕ್ಕಿಂತ, ಜೀವಕೋಶದ ಸ್ವಂತ ಕಿಣ್ವಗಳನ್ನ ಎಬ್ಬಿಸುತ್ತೆ ಅಂತ ಈಗಿನ ತಿಳುವಳಿಕೆ. ಕಬ್ಬಿಣದ ಅಂಶವನ್ನೂ ಅದು ಹಿಡಿದಿಟ್ಕೊಳ್ಳುತ್ತೆ. ಮೊಳಕೆ ಕಟ್ಟಿದ್ರೆ ಆ ಹಿಡಿತ ಸಡಿಲ ಆಗುತ್ತೆ. ನಮ್ಮಜ್ಜಿಯರು ಮಕ್ಕಳಿಗೆ ಮೊಳಕೆ ರಾಗಿ ಸರಿ ಮಾಡ್ತಿದ್ದುದು ಸುಮ್ನೆ ಅಲ್ಲ.

ಡಬ್ಬಿ ಕೊಳ್ಳೋರಿಗೂ ಒಂದು ಮಾತು. ಫಿನ್‌ಲೆಂಡ್‌ನಲ್ಲಿ ಸಿಗರೇಟು ಸೇದೋ ಗಂಡಸರಿಗೆ ಇನ್ನೊಂದು ಆಂಟಿಆಕ್ಸಿಡೆಂಟ್ ಆದ ಬೀಟಾ ಕೆರೋಟಿನ್ ಮಾತ್ರೆ ವರ್ಷಗಟ್ಟಲೆ ಕೊಟ್ಟು ನೋಡಿದ್ರು. 1994ರಲ್ಲಿ ಫಲಿತಾಂಶ ಬಂತು: ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗೋದಿರಲಿ, ಜಾಸ್ತಿ ಆಗಿತ್ತು. ಊಟದಲ್ಲಿರೋದೇ ಬೇರೆ, ಬೇರ್ಪಡಿಸಿ ಮಾತ್ರೆ ಮಾಡೋದೇ ಬೇರೆ.

ನಾನಂತೂ ಸಣ್ಣ ಜರಡಿ ಮೂಲೆಗಿಟ್ಟೆ. ಇಬ್ಬರು ಗಿರಾಕಿ ಬಿಟ್ಟೋದ್ರು, ಉಳಿದೋರು ಕೆಂಪು ಹಿಟ್ಟೇ ತಗೋತಿದ್ದಾರೆ. ನಿಮ್ಮ ಕಡೆ ಮಿಲ್ಲಲ್ಲಿ ಜರಡಿ ಹಿಡಿಸ್ತೀರಾ, ಹಾಗೇ ಕೊಡ್ತೀರಾ? ಬರೀರಿ.