ಸಭಾ ವ್ಯಾಜ್ಯ ಪರಿಹಾರ

ಕ್ರೈಸ್ತ ವಿಶ್ವಾಸಿಗಳ ನಡುವಣ ಮನಸ್ತಾಪವನ್ನು ತೀರಿಸುವ ಕ್ರಮಕ್ಕೆ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ಆಧಾರ. ನೊಂದವನು ಮೊದಲು ತಪ್ಪು ಮಾಡಿದವನನ್ನು ಏಕಾಂತದಲ್ಲಿ ಕಂಡು ಮಾತಾಡಬೇಕು. ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳೊಡನೆ ಹೋಗಬೇಕು. ಸಭೆಗೆ ತಿಳಿಸುವುದು ಆಮೇಲೆ. ಸಹೋದರರು ನ್ಯಾಯಾಲಯದ ಮೆಟ್ಟಿಲೇರುವುದನ್ನು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಕಟುವಾಗಿಯೇ ಆಕ್ಷೇಪಿಸಿದ್ದಾನೆ.

ಮಂಡ್ಯ ಜಿಲ್ಲೆಯ ಕಥೋಲಿಕರಿಗೆ ಹೀಗೆ ಸಭೆಗೆ ದೂರು ಒಯ್ಯುವ ದಾರಿ ಒಂದೇ ಅಲ್ಲ. ಲ್ಯಾಟಿನ್ ವಿಧಿಯವರು ಮೈಸೂರು ಧರ್ಮಪ್ರಾಂತ್ಯಕ್ಕೂ 1983ರ ಧರ್ಮಸಭಾ ಕಾನೂನು ಸಂಹಿತೆಗೂ ಒಳಪಟ್ಟರೆ, ಸೀರೋ-ಮಲಬಾರ್ ವಿಧಿಯವರಿಗೆ 2010ರಲ್ಲಿ ಸ್ಥಾಪನೆಯಾದ ಮಂಡ್ಯ ಧರ್ಮಪ್ರಾಂತ್ಯವೂ 1990ರ ಪೌರಸ್ತ್ಯ ಸಂಹಿತೆಯೂ ಅನ್ವಯಿಸುತ್ತವೆ. ಎರಡೂ ಸಂಹಿತೆಗಳು ದಾವೆಗಿಂತ ರಾಜಿಗೆ ಒತ್ತು ಕೊಡುತ್ತವೆ. ಇಬ್ಬರ ಮುನಿಸಿಗೆ ಮತ್ತಾಯನ ಸುವಾರ್ತೆಯ ಕ್ರಮ ಸಾಕಾದೀತು; ಗುಂಪುಗಳ ಜಗಳಕ್ಕೆ ಸಾಲದು. ಉದಾಹರಣೆಗೆ, ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡದಲ್ಲಿ ಬಲಿಪೂಜೆ ನಡೆಸುವ ಕುರಿತ ವಿವಾದ ದಶಕಗಳ ಕಾಲ ಮುಂದುವರಿಯಿತು.