ನಗಿಸೋ ಕಂಪನಿಗೆ 24 ತಾಸಿನ ಗಡುವು

1915ರ ‘ಹಿಸ್ ನ್ಯೂ ಜಾಬ್’ ಮೂಕಿಯಲ್ಲಿ ಚಾಪ್ಲಿನ್ ಸ್ಟುಡಿಯೊಗೆ ಕೆಲಸ ಕೇಳ್ಕೊಂಡು ಬಂದು ಶೂಟಿಂಗನ್ನೇ ಕೆಡಿಸ್ತಾನ. ಸಿನಿಮಾದವರು ಸಿನಿಮಾನೇ ಗೇಲಿ ಮಾಡಿದರೂ ಅಲ್ಲಿ ನಡೀತಿತ್ತು. ನಮ್ಮ ಕಡೆ?

ಯಾದಗಿರಿ, ಶಹಾಪುರ, ಸುರಪುರ ಆಗ ನಿಜಾಮರ ಸೀಮೆ. ವಿಲಾಯತಿ ಷೋಕಿಯನ್ನು ನಗೆಪಾಟಲು ಮಾಡಿದ ‘ಬಿಲಾತ್ ಫೆರತ್’ನ ನಟ, ಬಂಗಾಳದ ಧೀರೇನ್ ಗಂಗೂಲಿ 1922ರಲ್ಲಿ ಹೈದರಾಬಾದಿನಲ್ಲಿ ಲೋಟಸ್ ಫಿಲ್ಮ್ ಕಂಪನಿ ತೆಗೆದರು. ‘ಲೇಡಿ ಟೀಚರ್’ನಂಥ ಮೂಕಿ ಮಾಡಿದರು. 1924ರಲ್ಲಿ ‘ರಜಿಯಾ ಬೇಗಂ’ ತೋರಿಸಿದರು. ಅದು ದಿಲ್ಲಿಯ ಸುಲ್ತಾನಾಳ ಪ್ರೇಮಕಥೆ. ನಿಜಾಮರಿಗೆ ಸಿಟ್ಟು ಬಂತು. 24 ತಾಸಿನೊಳಗೆ ರಾಜ್ಯ ಬಿಡು ಅಂತ ಹುಕುಂ ಆಯ್ತು.

ಗಂಗೂಲಿ ಕಲ್ಕತ್ತಾದಲ್ಲಿ ಮತ್ತೆ ಎದ್ದು ನಿಂತರು. ಮುಂದೆ ಫಾಲ್ಕೆ ಪ್ರಶಸ್ತಿಯೂ ಬಂತು. ನಷ್ಟ ಆಗಿದ್ದು ನಮಗ ನೋಡ್ರಿ: ನಮ್ಮ ರಾಜಧಾನಿಯಿಂದಲೇ ನಗಿಸೋ ಕಂಪನಿ ಎದ್ದುಹೋಯ್ತು.