ಲಘು ವಿಮಾನಗಳ ಟೇಕಾಫ್ ಅಪಘಾತಗಳು ಹಾಗೂ ಹಾರಾಟಪೂರ್ವ ಲೆಕ್ಕಾಚಾರ

ವೈಮಾನಿಕ ತರಬೇತಿಗೆ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳ ಹಾಗೂ ಅವರ ಪೋಷಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ವಿಮಾನವು ನೆಲ ಬಿಟ್ಟು ಮೇಲೇರಲು ಬೇಕಾಗುವ ದೂರವು ಎಲ್ಲ ದಿನಗಳಲ್ಲಿಯೂ ಒಂದೇ ಆಗಿರುವುದಿಲ್ಲ. ವಿಮಾನದ ತೂಕ, ನಿಲ್ದಾಣದ ಎತ್ತರ, ಉಷ್ಣತೆ, ಗಾಳಿಯ ದಿಕ್ಕು ಹಾಗೂ ರನ್‌ವೇಯ ಮೇಲ್ಮೈಗೆ ಅನುಗುಣವಾಗಿ ಅದು ಬದಲಾಗುತ್ತದೆ. ನಿನ್ನೆ ಸುಲಭವಾಗಿ ಏರಿದ ವಿಮಾನ ಇಂದೂ ಏರುವುದೆಂಬ ಭಾವನೆಯೇ ಅನೇಕ ಅಪಘಾತಗಳ ಮೂಲವಾಗಿದೆ.

ಸಾಂದ್ರತಾ ಎತ್ತರ: ಗಾಳಿಯ ತೆಳುವನ್ನು ಎತ್ತರದ ರೂಪದಲ್ಲಿ ಹೇಳುವ ಅಳತೆಗೆ ಈ ಹೆಸರು. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣವು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಈ ಎತ್ತರಕ್ಕೆ ಪ್ರಮಾಣಿತ ಉಷ್ಣತೆ 9 ಡಿಗ್ರಿ ಸೆಲ್ಸಿಯಸ್. ಬೇಸಿಗೆಯ ಮಧ್ಯಾಹ್ನ ಉಷ್ಣತೆ 35 ಡಿಗ್ರಿ ಇದ್ದಲ್ಲಿ ವ್ಯತ್ಯಾಸ 26 ಡಿಗ್ರಿ. ಪ್ರತಿ ಡಿಗ್ರಿಗೆ ಸುಮಾರು 120 ಅಡಿಯಂತೆ ಸೇರಿಸಿದರೆ ಸಾಂದ್ರತಾ ಎತ್ತರ ಸುಮಾರು 6,100 ಅಡಿ ಆಗುತ್ತದೆ. ಎಂಜಿನ್, ಪ್ರೊಪೆಲ್ಲರ್, ರೆಕ್ಕೆ ಮೂರೂ ಆ ಎತ್ತರದಲ್ಲಿರುವಂತೆಯೇ ವರ್ತಿಸುತ್ತವೆ. ತರಬೇತಿ ಹಾರಾಟಗಳಿಗೆ ಮುಂಜಾನೆಯ ವೇಳೆ ಅನುಕೂಲಕರವಾಗಿರುವುದಕ್ಕೆ ಇದೂ ಒಂದು ಕಾರಣ.

ಬಿಸಿಲಿಲ್ಲದಿದ್ದರೆ ಅಪಾಯವಿಲ್ಲವೆಂದು ಭಾವಿಸತಕ್ಕದ್ದಲ್ಲ. 1996ರ ಏಪ್ರಿಲ್ 11ರಂದು ಅಮೆರಿಕದ ವಯೋಮಿಂಗ್ ರಾಜ್ಯದ ಶೆಯೆನ್‌ನಲ್ಲಿ ಸೆಸ್ನಾ 177ಬಿ ವಿಮಾನವು ಟೇಕಾಫ್ ಆದ ಕೂಡಲೇ ನೆಲಕ್ಕಪ್ಪಳಿಸಿ, 7 ವರ್ಷದ ಬಾಲಕಿ, ಆಕೆಯ ತಂದೆ ಹಾಗೂ ತರಬೇತುದಾರರು ಮೃತಪಟ್ಟರು. ಅಂದು ಚಳಿ, ಮಳೆ ಇದ್ದರೂ ಸಾಂದ್ರತಾ ಎತ್ತರ 6,670 ಅಡಿ ಇದ್ದಿತು. ವಿಮಾನವು ಮಿತಿಗಿಂತ 96 ಪೌಂಡ್ ಹೆಚ್ಚು ಭಾರ ಹೊತ್ತಿತ್ತು. ಹದಗೆಡುತ್ತಿದ್ದ ಹವೆಯಲ್ಲಿ, ಅಧಿಕ ತೂಕದೊಂದಿಗೆ, ತಾವು ರೂಢಿಸಿಕೊಂಡಿದ್ದಕ್ಕಿಂತ ಹೆಚ್ಚಿನ ಸಾಂದ್ರತಾ ಎತ್ತರದಲ್ಲಿ ಹೊರಟ ಪೈಲಟ್‌ನ ನಿರ್ಧಾರವೇ ಕಾರಣವೆಂದು ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನಿಸಿತು. ವೇಗ ಕಾಯ್ದುಕೊಳ್ಳಲಾಗದೆ ವಿಮಾನವು ಸ್ಟಾಲ್ ಆಗಿತ್ತು.

ಮತ್ತೊಂದು ಅಪಾಯವು ಕಣ್ಣಿಗೆ ಕಾಣುವಂತಹುದಲ್ಲ. ನೆಲದ ಸಮೀಪದಲ್ಲಿ, ಅಂದರೆ ರೆಕ್ಕೆಯ ಅಗಲದಷ್ಟು ಎತ್ತರದೊಳಗೆ, ಗಾಳಿಯ ಎಳೆತ ಕಡಿಮೆಯಾಗುವುದರಿಂದ ವಿಮಾನವು ಸಾಕಷ್ಟು ವೇಗವಿಲ್ಲದಿದ್ದರೂ ಮೇಲೇಳುತ್ತದೆ. ಆದರೆ ಅಲ್ಲಿಂದ ಮೇಲೇರಲಾರದೆ ರನ್‌ವೇಯ ಕೊನೆಯ ಮರಗಳತ್ತ ಸಾಗುತ್ತದೆ.

ಲೆಕ್ಕಾಚಾರವನ್ನು ವಿಮಾನದ ಕೈಪಿಡಿಯಲ್ಲಿನ ಕೋಷ್ಟಕಗಳಿಂದ ಮಾಡತಕ್ಕದ್ದು. ಸೆಸ್ನಾ 172ರ ಕೈಪಿಡಿಯಂತೆ ಪ್ರತಿ 9 ನಾಟ್ ಎದುರುಗಾಳಿಗೆ ದೂರವನ್ನು ಶೇ. 10ರಷ್ಟು ಕಳೆಯಬಹುದು, ಹಿಂಗಾಳಿಯಾದರೆ ಪ್ರತಿ 2 ನಾಟ್‌ಗೇ ಶೇ. 10ರಷ್ಟು ಕೂಡಿಸಬೇಕು. ಒಣ ಹುಲ್ಲಿನ ರನ್‌ವೇಗೆ ನೆಲದ ಓಟದ ಶೇ. 15ರಷ್ಟು ಸೇರಿಸಬೇಕು. ಈ ಕೋಷ್ಟಕಗಳು ಹೊಸ ವಿಮಾನ ಹಾಗೂ ನುರಿತ ಪೈಲಟ್‌ಗಳಿಂದ ಸಿದ್ಧವಾದವು. ಆದುದರಿಂದ ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರವು ಬಂದ ಉತ್ತರವನ್ನು 1.33ರಿಂದ ಗುಣಿಸುವಂತೆ ಖಾಸಗಿ ಹಾರಾಟಗಾರರಿಗೆ ಸಲಹೆ ನೀಡಿದೆ.

ಲೆಕ್ಕ ಸರಿಯಿದ್ದರೂ ಎಂಜಿನ್ ಸೊರಗಬಹುದು. ರನ್‌ವೇಯ ಅರ್ಧ ಭಾಗ ತಲುಪುವಷ್ಟರಲ್ಲಿ ನೆಲ ಬಿಡುವ ವೇಗದ ಶೇ. 70ರಷ್ಟು ಬಾರದಿದ್ದಲ್ಲಿ ಟೇಕಾಫ್ ಕೈಬಿಟ್ಟು ಬ್ರೇಕ್ ಹಾಕುವುದು ರೂಢಿಯಲ್ಲಿರುವ ನಿಯಮ. ಆ ಗುರುತಿನ ಸ್ಥಳವನ್ನು ವಿಮಾನ ಹೊರಡುವ ಮುನ್ನವೇ ನಿಗದಿಪಡಿಸಿಕೊಳ್ಳತಕ್ಕದ್ದು.